ಏಳುಕೋಟಿ, ಮೂವತ್ತಿರ್ಛಾಸಿರ ಮತ್ತು ಅರಸನ ಕೊರಳ ಸರ

ಊರಿಗೊಂದು ಚರಿತ್ರೆ ಇರುವಂತೆ, ಅರಸುಮನೆತನಕ್ಕೊಂದು ಚರಿತ್ರೆ ಇರುವಂತೆ, ಸಂಖ್ಯೆಗೂ ಒಂದು ಚರಿತ್ರೆ ಉಂಟು. ಒಂದು ನಾಡಿನ ಜನ ಎಷ್ಟರವರೆಗೆ ಎಣಿಸುತ್ತಿದ್ದರು, ಎಣಿಕೆಗೆ ಮೀರಿದ ಮೊತ್ತವನ್ನು ಏನೆಂದು ಕರೆಯುತ್ತಿದ್ದರು, ಆ ಹೆಸರನ್ನು ಯಾವ ಕೆಲಸಕ್ಕೆ ಬಳಸುತ್ತಿದ್ದರು ಎಂಬುದನ್ನು ಗಮನಿಸಿದರೆ ಆ ಜನರ ಮನಸ್ಸಿನ ಬಗೆಯೂ ಸ್ವಲ್ಪಮಟ್ಟಿಗೆ ತಿಳಿಯುತ್ತದೆ. ಈ ದೃಷ್ಟಿಯಿಂದ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ತಾಲ್ಲೂಕುಗಳ ನೆಲವನ್ನು ನಿಮ್ಮೆದುರಿಗೆ ಇಡಬೇಕೆಂದು ನನ್ನ ಆಸೆ. ಬಳ್ಳಾರಿ ಜಿಲ್ಲೆಯ ಪಶ್ಚಿಮ ತಾಲ್ಲೂಕುಗಳೆಂದು ಬಹುಕಾಲ ಹೆಸರಾಗಿದ್ದ ಈ ಸೀಮೆ 2021ರಿಂದ ಈಚೆಗೆ ವಿಜಯನಗರ ಜಿಲ್ಲೆಗೆ ಸೇರಿದೆ. ಜೋಳ, ಸಜ್ಜೆ, ಶೇಂಗಾ ಬೆಳೆಯುವ ಈ ಮಳೆಯಾಶ್ರಿತ ನೆಲದಲ್ಲಿ ದೊಡ್ಡ ಸಂಖ್ಯೆಗಳ ಮಾತೆಲ್ಲಿಯದು ಎಂದು ನೀವು ಕೇಳಬಹುದು. ಇದೆ, ಅದೂ ಒಂದು ಬಗೆಯದಲ್ಲ. ಭಕ್ತರು ಕೂಗಿದ ಸಂಖ್ಯೆ ಒಂದು, ಅರಸರ ಲಿಪಿಕಾರರು ಕಲ್ಲಿನಲ್ಲಿ ಬರೆಸಿದ ಸಂಖ್ಯೆ ಇನ್ನೊಂದು. ಈ ಎರಡರ ಪಕ್ಕದಲ್ಲಿ, ಇದೇ ನೆಲವನ್ನು ಒಳಗೊಂಡಿದ್ದ ರಾಜ್ಯದಲ್ಲಿ ಗಣಿತಜ್ಞನೊಬ್ಬ ಬಿಡಿಸಿ ನೋಡಿದ ಸಂಖ್ಯೆಯೊಂದನ್ನು ಇಟ್ಟು ನೋಡುವುದು ಈ ಮಾತಿನ ಉದ್ದೇಶ.

ಮೊದಲು ಭಕ್ತರ ಸಂಖ್ಯೆ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಹೊತ್ತಿಗೆ ನಡೆಯುವ ಜಾತ್ರೆಯನ್ನು ಕನ್ನಡಿಗರಿಗೆ ಪರಿಚಯಿಸಬೇಕಾಗಿಲ್ಲ. ಕರಿಯ ಕಂಬಳಿಯ ಗೊರವರು, ಡಮರುಗದ ಸದ್ದು, ಹಣೆಗೆ ಬಳಿದ ಭಂಡಾರ. ಡೆಂಕನ ಮರಡಿಯಲ್ಲಿ ಬಿಲ್ಲನ್ನೇರಿದ ಗೊರವಯ್ಯ ‘ಸದ್ದಲೇ’ ಎಂದೊಡನೆ ಆ ಅಪಾರ ಜನಸ್ತೋಮ ಒಮ್ಮೆಗೇ ಮೌನವಾಗುತ್ತದೆ. ಆ ಮೌನದಲ್ಲಿ ಅವನ ಬಾಯಿಂದ ಬೀಳುವ ಒಂದೇ ಒಂದು ಮಾತನ್ನು ಕಾರಣಿಕವೆಂದು ಹೊತ್ತುಕೊಂಡು ಜನ ತಮ್ಮ ತಮ್ಮ ಊರಿಗೆ ಹೋಗುತ್ತಾರೆ. ವರ್ಷದ ಮಳೆಬೆಳೆಯನ್ನು ಅದರಲ್ಲಿ ಓದಿಕೊಳ್ಳುತ್ತಾರೆ. ಆದರೆ ಆ ಮೌನಕ್ಕೆ ಮೊದಲೂ ಆಮೇಲೂ ದಾರಿಯುದ್ದಕ್ಕೂ ಕಿವಿಗೆ ಬೀಳುವುದು ಒಂದು ಸಂಖ್ಯೆ: ಏಳುಕೋಟಿ. ದೇವರ ಹೆಸರೇ ಏಳುಕೋಟಿ ಮೈಲಾರಲಿಂಗ. ಶಿವನು ಏಳುಕೋಟಿ ಪರಿವಾರದೊಡನೆ ಇಳಿದುಬಂದು ಅಸುರರನ್ನು ಸಂಹರಿಸಿದನೆಂಬುದು ಭಕ್ತರ ನಂಬಿಕೆ. ಮಹಾರಾಷ್ಟ್ರದ ಜೇಜೂರಿಯಲ್ಲಿ ಖಂಡೋಬನ ಭಕ್ತರು ‘ಯೇಳಕೋಟ’ ಎಂದು ಕೂಗುವುದನ್ನು ಕೇಳಿದವರಿಗೆ ನಮ್ಮ ಕನ್ನಡದ ಸಂಖ್ಯೆಯೊಂದು ಭಾಷೆಯ ಗಡಿಯನ್ನು ದಾಟಿ ಅಲ್ಲಿ ಘೋಷವಾಗಿ ನಿಂತಿರುವುದು ಗೊತ್ತಾಗುತ್ತದೆ.

ಈ ಏಳುಕೋಟಿಯನ್ನು ಯಾರೂ ಎಣಿಸಿದ್ದಲ್ಲ. ಗಳಿಗೆಗೊಂದು ಉಸಿರು ಬಿಡದೆ, ಸೆಕೆಂಡಿಗೆ ಒಂದರಂತೆ ಹಗಲಿರುಳೂ ಎಣಿಸುತ್ತ ಕುಳಿತರೆ ಏಳು ಕೋಟಿ ಮುಗಿಯಲು 810 ದಿನ ಬೇಕು. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಜನಸಂಖ್ಯೆ 6,10,95,297. ಎಂದರೆ ರಾಜ್ಯದ ಎಲ್ಲರನ್ನೂ ಮೈಲಾರದ ಬಯಲಿಗೆ ಕರೆತಂದರೂ ಏಳುಕೋಟಿಗೆ ಸುಮಾರು ತೊಂಬತ್ತು ಲಕ್ಷ ಕಡಿಮೆ ಬೀಳುತ್ತಿತ್ತು. ಅದು ಎಣಿಕೆಯ ಸಂಖ್ಯೆಯಲ್ಲ, ಮಹಿಮೆಯ ಸಂಖ್ಯೆ. ದೇವರ ಬಳಗ ಲೆಕ್ಕಕ್ಕೆ ಸಿಕ್ಕದು ಎನ್ನುವುದನ್ನು ಲೆಕ್ಕದ ಭಾಷೆಯಲ್ಲೇ ಹೇಳುವ ಒಂದು ಬಗೆ.

ಆದರೂ ಸಂಖ್ಯೆಗೆ ಒಂದು ಸ್ವಭಾವವಿದೆ. ಯಾರು ಯಾವ ಭಾವದಿಂದ ನುಡಿದರೂ ಅದರ ಒಳಗಿನ ಗುಣ ಬದಲಾಗುವುದಿಲ್ಲ. ಏಳುಕೋಟಿಯನ್ನು ಅಂಕಿಗಳಲ್ಲಿ ಬರೆದು ನೋಡಿ: ಏಳು, ಅದರ ಮುಂದೆ ಸೊನ್ನೆಗಳು, ಆ ಸೊನ್ನೆಗಳೂ ಏಳು. ಹತ್ತು ಎಂಬುದು ಎರಡು ಮತ್ತು ಐದರ ಗುಣಲಬ್ಧವಾದುದರಿಂದ ಏಳುಕೋಟಿಯನ್ನು ಒಡೆದರೆ ಏಳು ಎರಡುಗಳು, ಏಳು ಐದುಗಳು, ಮೇಲೆ ಒಂದು ಏಳು ದೊರೆಯುತ್ತವೆ. ಇವುಗಳಿಂದ ಏಳುಕೋಟಿಯನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳೆಷ್ಟೆಂದು ಲೆಕ್ಕ ಹಾಕಬಹುದು. ಎರಡನ್ನು ಒಮ್ಮೆಯೂ ತೆಗೆದುಕೊಳ್ಳದೆ ಇರುವುದರಿಂದ ಹಿಡಿದು ಏಳು ಸಲ ತೆಗೆದುಕೊಳ್ಳುವವರೆಗೆ ಎಂಟು ದಾರಿ, ಐದಕ್ಕೂ ಹಾಗೆಯೇ ಎಂಟು, ಏಳಕ್ಕೆ ಎರಡು. ಎಂಟೆಂಟ್ಲ ಅರುವತ್ತನಾಲ್ಕು, ಅದರ ಇಮ್ಮಡಿ 128. ಈ 128 ಏನೆಂದರೆ ಎರಡನ್ನು ಏಳು ಸಲ ಇಟ್ಟು ಗುಣಿಸಿದ ಫಲ! ಹೀಗೆ ಏಳುಕೋಟಿ ಎಲ್ಲಿ ಮುಟ್ಟಿದರೂ ಏಳನ್ನೇ ನುಡಿಯುತ್ತದೆ. ಗೊರವಯ್ಯ ಇದನ್ನು ಬಗೆದು ಕೂಗಿದನೆಂದು ಹೇಳಿದರೆ ಅದು ಅತಿಯಾದೀತು. ಆದರೆ ಕೂಗಿದ ಮಾತಿನೊಳಗೆ ಇಂಥ ಕಟ್ಟಣೆ ಇತ್ತು ಎಂಬುದು ಮಾತ್ರ ನಿಜ.

ಇನ್ನು ಅರಸರ ಸಂಖ್ಯೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನಲ್ಲಿ ಕೋಗಳಿ ಎಂಬ ಊರಿದೆ. ಇಂದು ಸಾಧಾರಣ ಹಳ್ಳಿ. ಒಂದು ಕಾಲಕ್ಕೆ ನಾಡಿನ ತಲೆಯೂರು. ಇಲ್ಲಿನ ಜೈನ ಬಸದಿ ಬಹು ಹಳೆಯದು. ಗಂಗ ದೊರೆ ದುರ್ವಿನೀತನು ಅದನ್ನು ಕಟ್ಟಿಸಿದನೆಂದು 11ನೆಯ ಶತಮಾನದ ಶಾಸನವೊಂದು ನೆನೆಯುತ್ತದೆ. ಈ ಊರಿನ ಹೆಸರಿನಿಂದ ಒಂದು ನಾಡಿತ್ತು: ಕೋಗಳಿ ಅಯ್ನೂರು. ಇಂದಿನ ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ ಸೀಮೆಗಳ ಬಹುಭಾಗ ಅದರಲ್ಲಿ ಅಡಗಿತ್ತು. ಆ ಅಯ್ನೂರು ಸೇರಿದ್ದುದು ನೊಳಂಬವಾಡಿ ಮೂವತ್ತಿರ್ಛಾಸಿರಕ್ಕೆ. ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದಿಂದ ಪಾಂಡ್ಯರು ಆಳಿದ್ದು ಈ ಮೂವತ್ತಿರ್ಛಾಸಿರವನ್ನೇ. ನೆರೆಯಲ್ಲಿ ಬನವಾಸಿ ಪನ್ನಿರ್ಛಾಸಿರ, ದಕ್ಷಿಣಕ್ಕೆ ಗಂಗವಾಡಿ ತೊಂಬತ್ತರುಸಾಸಿರ. ಚೋಳರ ಶಾಸನಗಳು ರಾಷ್ಟ್ರಕೂಟ, ಚಾಲುಕ್ಯರ ನಾಡನ್ನು ‘ಇರಟ್ಟಪಾಡಿ ಏಳೂವರೆ ಲಕ್ಷ’ ಎಂದೇ ಕರೆದವು.

ಈ ಸಂಖ್ಯೆಗಳು ಏನನ್ನು ಎಣಿಸುತ್ತವೆ? ಹಳ್ಳಿಗಳನ್ನು ಎಂದರು ಕೆಲವು ವಿದ್ವಾಂಸರು. ಕಂದಾಯದ ಹುಟ್ಟುವಳಿಯನ್ನು ಎಂದರು ಮತ್ತೆ ಕೆಲವರು. ನಾಡಿನ ಅಂತಸ್ತನ್ನು ಸೂಚಿಸುವ ರೂಢಿಯ ಮಾತು ಎಂದವರೂ ಇದ್ದಾರೆ. ಹಳ್ಳಿಗಳೆಂಬ ವಾದವನ್ನು ಒಂದು ಸರಳ ಹೋಲಿಕೆಯಿಂದ ಪರೀಕ್ಷಿಸಬಹುದು. 2011ರ ಗಣತಿಯಂತೆ ಇಡೀ ಕರ್ನಾಟಕ ರಾಜ್ಯದ ಹಳ್ಳಿಗಳ ಸಂಖ್ಯೆಯೇ ಸುಮಾರು 29 ಸಾವಿರ. ಚಿತ್ರದುರ್ಗ, ಬಳ್ಳಾರಿ, ತುಮಕೂರು, ಅನಂತಪುರ ಭಾಗಗಳಲ್ಲಿ ಹರಡಿದ್ದ ನೊಳಂಬವಾಡಿಯೊಂದರಲ್ಲೇ, ಕಾಡು ಇನ್ನೂ ದಟ್ಟವಾಗಿದ್ದ ಆ ಕಾಲದಲ್ಲಿ, 32 ಸಾವಿರ ಹಳ್ಳಿಗಳಿದ್ದುವೆಂದರೆ ನಂಬುವುದು ಕಷ್ಟ. ಕೋಗಳಿ ಅಯ್ನೂರಿನಂಥ ಚಿಕ್ಕ ನಾಡಿಗೆ ಹಳ್ಳಿಗಳ ಎಣಿಕೆ ಹೊಂದಿದರೂ ಹೊಂದೀತು, ಮೂವತ್ತಿರ್ಛಾಸಿರಕ್ಕೆ ಹೊಂದದು.

ಸಂಖ್ಯೆಗಳನ್ನೇ ಕೇಳಿದರೆ ಅವೂ ಸ್ವಲ್ಪ ಸಾಕ್ಷಿ ಹೇಳುತ್ತವೆ. ಗಂಗವಾಡಿಯ 96,000 ಸರಿಯಾಗಿ ನೊಳಂಬವಾಡಿಯ ಮುಮ್ಮಡಿ. ಅದೇ 96,000 ಬನವಾಸಿಯ 12,000ಕ್ಕೆ ಸರಿಯಾಗಿ ಎಂಟು ಪಟ್ಟು. ನೊಳಂಬವಾಡಿಯನ್ನು ಕೋಗಳಿಯಿಂದ ಭಾಗಿಸಿದರೆ ಶೇಷವಿಲ್ಲದೆ 64. ನಿಜವಾಗಿ ಎಣಿಸಿದ ಮೊತ್ತಗಳು ಒಂದರೊಳಗೊಂದು ಇಷ್ಟು ಚೊಕ್ಕವಾಗಿ ಕೂರುವುದು ಅಪರೂಪ. ಜನಗಣತಿಯ ಸಂಖ್ಯೆ 297ರಲ್ಲಿ ಮುಗಿಯುತ್ತದೆ. ಸೊನ್ನೆಗಳ ಸಾಲಿನಲ್ಲಿ ಮುಗಿಯುವುದಿಲ್ಲ. ಆದುದರಿಂದ ಇವು ಎಣಿಸಿ ಕಂಡುಕೊಂಡ ಸಂಖ್ಯೆಗಳಿಗಿಂತ ಗೊತ್ತುಮಾಡಿ ಇಟ್ಟ ಸಂಖ್ಯೆಗಳೆಂದೇ ನನಗೆ ತೋರುತ್ತದೆ.

ಹಾಗೆಂದು ನಮ್ಮ ಹಿರಿಯರಿಗೆ ಎಣಿಕೆಯಲ್ಲಿ ಉದಾಸೀನವಿತ್ತೆಂದು ತಿಳಿಯಬಾರದು. ‘ಮೂವತ್ತಿರ್ಛಾಸಿರ’ ಎಂದು ಗಂಭೀರವಾಗಿ ತೊಡಗುವ ಶಾಸನವೇ ಕೆಳಗೆ ಇಳಿಯುತ್ತ ದೇವರಿಗೆ ಬಿಟ್ಟ ಹೊಲವನ್ನು ಮತ್ತರು, ಕಮ್ಮಗಳ ಲೆಕ್ಕದಲ್ಲಿ, ಇಂಥ ಊರಿನ ಅಳತೆಯ ಗಳೆಯಿಂದ ಎಂದು ಸ್ಪಷ್ಟವಾಗಿ ಹೇಳುತ್ತದೆ. ಸುಂಕವನ್ನು ಗದ್ಯಾಣ, ಪಣ, ಹಾಗ, ವೀಸಗಳವರೆಗೆ ಬಿಡಿಸಿಡುತ್ತದೆ. ಕೊಟ್ಟೂರು, ಕೂಡ್ಲಿಗಿ ಕಡೆಯ ಕಣಗಳಲ್ಲಿ ಕಾಳು ಅಳೆಯುವಾಗ ಮೊದಲ ಅಳತೆಯನ್ನು ಒಂದು ಎನ್ನದೆ ‘ಲಾಭ’ ಎಂದು ತೊಡಗುವುದನ್ನು ನಾನು ಚಿಕ್ಕಂದಿನಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಹೆಸರಿಗೆ ಶುಭವಚನವಾದರೂ ಲೆಕ್ಕ ಒಂದು ಕಾಳಿಗೂ ತಪ್ಪುತ್ತಿರಲಿಲ್ಲ. ಕೈಗೆ ಸಿಕ್ಕುವ ಚಿಕ್ಕ ಸಂಖ್ಯೆಯಲ್ಲಿ ಕಟ್ಟುನಿಟ್ಟು, ಕೈಗೆ ಸಿಕ್ಕದ ದೊಡ್ಡ ಸಂಖ್ಯೆಯಲ್ಲಿ ಗೌರವ—ಇದು ಜನರ ರೀತಿ. ಭಕ್ತನ ಏಳುಕೋಟಿಯೂ ಅರಸನ ಮೂವತ್ತಿರ್ಛಾಸಿರವೂ ಈ ಗೌರವದ ಕಡೆಗೇ ಸೇರಿದವು.

ಹಾಗಾದರೆ ದೊಡ್ಡ ಸಂಖ್ಯೆಯಲ್ಲಿಯೂ ಅದೇ ಕಟ್ಟುನಿಟ್ಟನ್ನು ತೋರಿದವರು ಯಾರೂ ಇರಲಿಲ್ಲವೆ? ಇದ್ದರು. ಅವರಲ್ಲಿ ಅಗ್ರಗಣ್ಯನು ಮಹಾವೀರಾಚಾರ್ಯ. ಮಾನ್ಯಖೇಟದಿಂದ ಆಳಿದ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಈ ಜೈನ ಪಂಡಿತನು ‘ಗಣಿತಸಾರಸಂಗ್ರಹ’ವೆಂಬ ಸಂಸ್ಕೃತ ಗ್ರಂಥವನ್ನು ಬರೆದ. ಇದೇ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವು ಕನ್ನಡನಾಡಿನ ಎಲ್ಲೆಯನ್ನು ಕಾವೇರಿಯಿಂದ ಗೋದಾವರಿಯವರೆಗೆ ಗುರುತಿಸಿತು. ಆ ಎರಡು ನದಿಗಳ ನಡುವೆ, ತುಂಗಭದ್ರೆಯ ದಂಡೆಯಲ್ಲಿರುವ ನಮ್ಮ ಈ ತಾಲ್ಲೂಕುಗಳು ಹೀಗೆ ಆ ಗ್ರಂಥದ ನಾಡಿಗೇ ಸೇರಿದವು. ಒಂದೇ ಆಳ್ವಿಕೆಯಲ್ಲಿ ಕನ್ನಡಕ್ಕೆ ದೊರೆತಿರುವ ಮೊದಲ ಲಕ್ಷಣಗ್ರಂಥವೂ ಭಾರತೀಯ ಗಣಿತದ ಒಂದು ಹಿರಿಯ ಗ್ರಂಥವೂ ಹುಟ್ಟಿದವೆಂಬುದನ್ನು ಸಾಹಿತ್ಯಪ್ರಿಯರು ಮರೆಯಬಾರದು.

ಮಹಾವೀರನು ತನ್ನ ಗ್ರಂಥದ ಆರಂಭದಲ್ಲಿ ಗಣಿತದ ವ್ಯಾಪ್ತಿಯನ್ನು ಹೊಗಳುತ್ತಾನೆ. ಸಂಗೀತ, ನಾಟಕ, ಅಡುಗೆ, ವೈದ್ಯ, ವಾಸ್ತು, ಛಂದಸ್ಸು, ಅಲಂಕಾರ, ವ್ಯಾಕರಣ—ಎಲ್ಲಕ್ಕೂ ಗಣಿತ ಬೇಕೆನ್ನುವುದು ಅವನ ನಿಲುವು. ಬಳಿಕ ಸಂಖ್ಯಾಸ್ಥಾನಗಳಿಗೆ ಹೆಸರಿಡುತ್ತಾನೆ. ಏಕ, ದಶ, ಶತ, ಸಹಸ್ರದಿಂದ ಹೊರಟು ಲಕ್ಷ, ಕೋಟಿ, ಅರ್ಬುದ, ಖರ್ವ, ಪದ್ಮ, ಶಂಖಗಳನ್ನು ದಾಟಿ 24ನೆಯ ಸ್ಥಾನವಾದ ಮಹಾಕ್ಷೋಭದಲ್ಲಿ ನಿಲ್ಲುತ್ತಾನೆ. ನಮ್ಮ ಏಳುಕೋಟಿ ಈ ಏಣಿಯ ಎಂಟನೆಯ ಮೆಟ್ಟಿಲು ಮಾತ್ರ.

ಆದರೆ ಹೆಸರಿಡುವುದು ಬೇರೆ, ಒಳಹೊಕ್ಕು ನೋಡುವುದು ಬೇರೆ. ಮಹಾವೀರನ ಹಿರಿಮೆ ಇರುವುದು ಎರಡನೆಯದರಲ್ಲಿ. ಗುಣಾಕಾರವನ್ನು ಕಲಿಸುವಾಗ ಅವನು ಶಿಷ್ಯನಿಗೆ ಒಂದು ಲೆಕ್ಕ ಕೊಡುತ್ತಾನೆ: 27994681ನ್ನು 441ರಿಂದ ಗುಣಿಸು. ನೋಡುವುದಕ್ಕೆ ಒರಟಾದ, ಯಾವ ಅಂದವೂ ಇಲ್ಲದ ಎರಡು ಸಂಖ್ಯೆಗಳು. ಶಿಷ್ಯ ತಾಳ್ಮೆಯಿಂದ ಗುಣಿಸಿ ಕೂಡಿಸಿದಾಗ ಪಾಟಿಯ ಮೇಲೆ ಮೂಡುವ ಫಲವೇನು? 12345654321. ಒಂದರಿಂದ ಹೊರಟು ಆರರವರೆಗೆ ಏರಿ, ಮತ್ತೆ ಕ್ರಮವಾಗಿ ಒಂದಕ್ಕೆ ಇಳಿಯುವ ಸಂಖ್ಯೆ ಎಂದೇ ಅವನು ಅದನ್ನು ವರ್ಣಿಸುತ್ತಾನೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಸೆಕೆಂಡಿಗೆ ಒಂದರಂತೆ ಎಣಿಸಿದರೆ 391 ವರ್ಷ ಹಿಡಿಯುವ ಮೊತ್ತ. ಇಂಥ ಸಂಖ್ಯೆಗಳನ್ನು ಅವನು ಕಂಠಿಕೆಗೆ, ಎಂದರೆ ಕೊರಳ ಸರಕ್ಕೆ ಹೋಲಿಸಿದ. ಅರಸನ ಕೊರಳಿಗೆ ತಕ್ಕ ಆಭರಣವೆಂದ. ನಡುವೆ ದೊಡ್ಡ ಮಣಿ, ಎರಡು ಬದಿಗೂ ಒಂದೇ ಕ್ರಮದಲ್ಲಿ ಕಿರಿದಾಗುತ್ತ ಹೋಗುವ ಮಣಿಗಳು—ಸರವನ್ನು ಕಂಡವರಿಗೆಲ್ಲ ಈ ಹೋಲಿಕೆ ಹಿಡಿಸುತ್ತದೆ.

ಸಾಹಿತ್ಯದ ಓದುಗರಿಗೆ ಇಲ್ಲಿ ಇನ್ನೊಂದು ಸ್ವಾರಸ್ಯವಿದೆ. ಆ ಕಾಲದಲ್ಲಿ ಶ್ಲೋಕದೊಳಗೆ ಅಂಕಿಗಳನ್ನು ವಸ್ತುಗಳ ಹೆಸರಿನಿಂದ ಹೇಳುತ್ತಿದ್ದರು: ಚಂದ್ರನೆಂದರೆ ಒಂದು, ಕಣ್ಣೆಂದರೆ ಎರಡು, ಅಗ್ನಿಯೆಂದರೆ ಮೂರು, ಸಮುದ್ರವೆಂದರೆ ನಾಲ್ಕು, ಬಾಣವೆಂದರೆ ಐದು, ಋತುವೆಂದರೆ ಆರು. ಹಾಗೆ ಹೇಳಿದ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯಬೇಕೆಂಬುದು ನಿಯಮ. ದಿಕ್ಕು ತಪ್ಪಿದರೆ ಲೆಕ್ಕ ಕೆಟ್ಟಿತು. ಆದರೆ 12345654321ಕ್ಕೆ ಈ ಭಯವಿಲ್ಲ. ಎಡದಿಂದ ಓದಿದರೂ ಅದೇ, ಬಲದಿಂದ ಓದಿದರೂ ಅದೇ. ಚಿತ್ರಕಾವ್ಯದಲ್ಲಿ ಗತಪ್ರತ್ಯಾಗತವೆಂದು ಕರೆಯುವ, ‘ವಿಕಟಕವಿ’ ಎಂಬ ಮಾತಿನಿಂದ ಮಕ್ಕಳಿಗೂ ಗೊತ್ತಿರುವ ಚಮತ್ಕಾರ ಇಲ್ಲಿ ಅಂಕಿಗಳಲ್ಲಿ ಮೈದೋರಿದೆ. ಕವಿ ಶಬ್ದವನ್ನು ಹಿಗ್ಗಿಸಿ ಕುಗ್ಗಿಸಿ ಇದನ್ನು ಸಾಧಿಸಬೇಕು; ಗಣಿತಜ್ಞನಿಗೆ ಆ ಸ್ವಾತಂತ್ರ್ಯವಿಲ್ಲ. ಅವನು ಇದ್ದುದನ್ನು ಕಂಡುಹಿಡಿಯಬೇಕು.

ಅವನು ಕಂಡುಹಿಡಿದುದು ಹೇಗೆ? ಸರವನ್ನು ಬಿಚ್ಚಿ ನೋಡೋಣ. ಆರು ಒಂದುಗಳನ್ನು ಸಾಲಾಗಿ ಬರೆದರೆ 111111. ಇದನ್ನು ಇದರಿಂದಲೇ ಗುಣಿಸಿರಿ. ಶಾಲೆಯಲ್ಲಿ ಕಲಿತಂತೆ ಒಂದರ ಕೆಳಗೊಂದು ಆರು ಸಾಲು, ಪ್ರತಿ ಸಾಲೂ ಒಂದೊಂದು ಮನೆ ಎಡಕ್ಕೆ ಸರಿದು ನಿಲ್ಲುತ್ತದೆ. ಬಲತುದಿಯ ಮನೆಯಲ್ಲಿ ಒಂದೇ ಒಂದು. ಅದರ ಎಡಕ್ಕೆ ಎರಡು ಒಂದುಗಳು. ಹೀಗೆ ಏರಿ ನಡುಮನೆಯಲ್ಲಿ ಆರು. ಅಲ್ಲಿಂದ ಮತ್ತೆ ಐದು, ನಾಲ್ಕು, ಮೂರು, ಎರಡು, ಒಂದು. ಕೂಡಿಸಿದಾಗ ನಮ್ಮ ಸರ ತಾನಾಗಿ ಸಿದ್ಧ. ಎಂದರೆ 12345654321 ಎಂಬುದು 111111ರ ವರ್ಗ. ಅದರ ಅಂಕಿಗಳನ್ನೆಲ್ಲ ಕೂಡಿಸಿದರೆ 36. ಅದು ಆರರ ವರ್ಗ.

ಇನ್ನೂ ಒಳಕ್ಕೆ ಹೋಗಬಹುದು. 111111 ಅಖಂಡವಲ್ಲ; 3, 7, 11, 13, 37 ಎಂಬ ಐದು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧ. ಆದುದರಿಂದ ಸರದ ಸಂಖ್ಯೆಯಲ್ಲಿ ಈ ಐದೂ ಎರಡೆರಡು ಸಲ ಕೂತಿವೆ. ಈಗ ಗುರುವಿನ ಕೈಚಳಕವನ್ನು ನೋಡಿ. ಅವನು ಗುಣಕವಾಗಿ ಕೊಟ್ಟ 441 ಎಂಬುದು 21ರ ವರ್ಗ, ಎಂದರೆ 3 ಮತ್ತು 7ರ ಪಾಲು. ಉಳಿದ 11, 13, 37ನ್ನು ಗುಣಿಸಿದರೆ 5291. ಅದರ ವರ್ಗವೇ 27994681! ಒರಟಾಗಿ ಕಂಡ ಆ ಎರಡು ಸಂಖ್ಯೆಗಳು ಒಂದೇ ಸರದಿಂದ ಬಿಚ್ಚಿ ತೆಗೆದ ಎರಡು ಎಳೆಗಳು. ಐದು ಅವಿಭಾಜ್ಯಗಳು ತಲಾ ಎರಡು ಸಲ ಇರುವುದರಿಂದ ಈ ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು ಮೂರನ್ನು ಐದು ಸಲ ಇಟ್ಟು ಗುಣಿಸಿದಷ್ಟು, ಎಂದರೆ 243. ಮುನ್ನೂರ ತೊಂಬತ್ತೊಂದು ವರ್ಷ ಎಣಿಸಿದರೂ ತಿಳಿಯದ ಗುಣಗಳು ಐದು ಪುಟ್ಟ ಸಂಖ್ಯೆಗಳಿಂದ ಅರ್ಧ ಗಳಿಗೆಯಲ್ಲಿ ತಿಳಿದವು.

ಇದೊಂದೇ ಸರವಲ್ಲ. ಅವನ ಭಂಡಾರದಲ್ಲಿ ಇನ್ನೂ ಹಲವಿವೆ. 139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳ ಸಾಲು. 11011011ನ್ನು 91ರಿಂದ ಗುಣಿಸಿದರೆ 1002002001. 142857143ನ್ನು ಏಳರಿಂದ ಗುಣಿಸಿದರೆ ಎರಡು ತುದಿಗೂ ಒಂದೊಂದು ಮಣಿ, ನಡುವೆ ಎಂಟು ಸೊನ್ನೆಗಳ ಬರಿಯ ದಾರ. ಇವುಗಳಲ್ಲಿ ನನಗೆ ಹೆಚ್ಚು ಪ್ರಿಯವಾದುದು 12345679. ಒಂದರಿಂದ ಒಂಬತ್ತರವರೆಗೆ ಎಲ್ಲ ಇದ್ದು ಎಂಟು ಮಾತ್ರ ಇಲ್ಲದ ಈ ಸಂಖ್ಯೆಯನ್ನು ಒಂಬತ್ತರಿಂದ ಗುಣಿಸಿದರೆ ಒಂಬತ್ತು ಒಂದುಗಳು ಸಾಲುಗಟ್ಟಿ ನಿಲ್ಲುತ್ತವೆ. ಆ ಎಂಟು ಎಲ್ಲಿ ಹೋಯಿತು? ಉತ್ತರ ಸರದಲ್ಲಿಯೇ ಇದೆ. ಒಂಬತ್ತು ಒಂದುಗಳ ವರ್ಗದವರೆಗೆ ಸರ ಸರಿಯಾಗಿ ಬರುತ್ತದೆ: 12345678987654321. ಹತ್ತು ಒಂದುಗಳನ್ನು ತೆಗೆದುಕೊಂಡರೆ ನಡುಮನೆಯಲ್ಲಿ ಹತ್ತು ಕೂಡುತ್ತದೆ. ಹತ್ತು ಒಂದು ಮನೆಯಲ್ಲಿ ಹಿಡಿಸದು. ಒಂದನ್ನು ಎಡಕ್ಕೆ ಕೊಡಬೇಕು. ಎಡದ ಒಂಬತ್ತು ಹತ್ತಾಗಿ ಅದೂ ಒಂದನ್ನು ದಾಟಿಸುತ್ತದೆ. ಅದರಾಚೆಯ ಎಂಟು ಒಂಬತ್ತಾಗುತ್ತದೆ. ಫಲ 1234567900987654321. ಮುಂಭಾಗದಲ್ಲಿ ಅದೇ 12345679, ಎಂಟಿಲ್ಲದ ಸಾಲು! ಎಂಟು ಕಳೆದುಹೋದದ್ದಲ್ಲ, ದಶಕ ಬಂದು ಅದನ್ನು ಒಂಬತ್ತು ಮಾಡಿದೆ.

ಇದೆಲ್ಲ ಅಂಕಿಗಳ ಆಟ, ಇದರಿಂದ ಯಾವ ಹೊಲಕ್ಕೆ ನೀರು ಹರಿಯಿತು ಎಂದು ಕೇಳುವವರಿದ್ದಾರೆ. ಎರಡು ಉತ್ತರಗಳನ್ನು ಕೊಡಬಯಸುತ್ತೇನೆ. ಹಳೆಯ ಕಾಲದ ಗಣಿತ ಹಲಗೆಯ ಮೇಲೆ, ಮಣ್ಣಿನ ಮೇಲೆ ನಡೆಯುತ್ತಿತ್ತು. ಅದಕ್ಕೇ ಅದಕ್ಕೆ ಪಾಟೀಗಣಿತವೆಂದೂ ಧೂಳೀಕರ್ಮವೆಂದೂ ಹೆಸರು. ನಮ್ಮ ಸೀಮೆಯಲ್ಲಿ ಸ್ಲೇಟನ್ನು ಪಾಟಿ ಎನ್ನುವಾಗ ಆ ಹಳೆಯ ಮಾತನ್ನೇ ಆಡುತ್ತೇವೆ. ಅಲ್ಲಿ ನಡುವಿನ ಹಂತಗಳನ್ನು ಅಳಿಸುತ್ತ ಹೋಗಬೇಕು. ಕೊನೆಗೆ ಉಳಿಯುವುದು ಫಲ ಮಾತ್ರ. ಅದು ಸರಿಯೋ ತಪ್ಪೋ ಹೇಗೆ ತಿಳಿಯಬೇಕು? ಮಹಾವೀರನ ಲೆಕ್ಕದಲ್ಲಿ ಒಂದು ಅಂಕಿ ತಪ್ಪಿದರೂ ಸರ ಹರಿದದ್ದು ಕಣ್ಣಿಗೆ ಕಾಣುತ್ತದೆ. ಶಿಷ್ಯನು ಗುರುವಿನ ಮುಖ ನೋಡಬೇಕಾಗಿಲ್ಲ. ಫಲವೇ ತನ್ನ ಸತ್ಯಕ್ಕೆ ಸಾಕ್ಷಿ. ಸೌಂದರ್ಯವನ್ನು ಅವನು ಅಲಂಕಾರಕ್ಕಾಗಿ ಮಾತ್ರವಲ್ಲ, ಪರೀಕ್ಷೆಗಾಗಿಯೂ ಇಟ್ಟನೆಂದು ನನಗೆ ತೋರುತ್ತದೆ.

ಎರಡನೆಯ ಉತ್ತರಕ್ಕೆ ಮೊದಲು ಈ ಗ್ರಂಥ ನಮ್ಮ ಕೈಗೆ ಬಂದ ಕಥೆಯನ್ನು ಹೇಳಬೇಕು. 11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಇದನ್ನು ತೆಲುಗಿಗೆ ತಂದ. ಕನ್ನಡದಲ್ಲಿ 12ನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಮೊದಲಾದ ಗ್ರಂಥಗಳನ್ನು ಬರೆದು ಗಣಿತಕ್ಕೆ ದೇಶಭಾಷೆಯ ಬಾಗಿಲು ತೆರೆದ. ಆದರೆ ‘ಗಣಿತಸಾರಸಂಗ್ರಹ’ ಹೊರಜಗತ್ತಿಗೆ ತಿಳಿಯಲು 20ನೆಯ ಶತಮಾನ ಬರಬೇಕಾಯಿತು. ಮದರಾಸಿನ ಪ್ರೊಫೆಸರ್ ಎಂ. ರಂಗಾಚಾರ್ಯರು ಹಸ್ತಪ್ರತಿಗಳನ್ನು ಹುಡುಕಿ, ಪಾಠವನ್ನು ಸಿದ್ಧಪಡಿಸಿ, ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದರಾಸು ಸರ್ಕಾರದ ಮುದ್ರಣಾಲಯದಿಂದ ಹೊರತಂದರು. ಅವರಿಗೆ ನೆರವಾದವುಗಳಲ್ಲಿ ಕನ್ನಡ ಲಿಪಿಯ ಪ್ರತಿಗಳಿದ್ದವು. ಮೂಡಬಿದಿರೆಯ ಓಲೆಗರಿಯ ಪ್ರತಿಯೂ ಇತ್ತು. ಅಮೆರಿಕದ ಗಣಿತ ಇತಿಹಾಸಕಾರ ಡೇವಿಡ್ ಯೂಜೀನ್ ಸ್ಮಿತ್ ಇದಕ್ಕೂ ಮೊದಲೇ, 1908ರಲ್ಲಿ, ರೋಮಿನ ಅಂತರರಾಷ್ಟ್ರೀಯ ಗಣಿತ ಸಮ್ಮೇಳನದಲ್ಲಿ ಈ ಗ್ರಂಥದ ವಿಷಯ ಮಾತನಾಡಿದ್ದರು. ಮುನ್ನುಡಿ ಬರೆದವರೂ ಅವರೇ. ಆಗ ನಮ್ಮ ಹಡಗಲಿ, ಕೂಡ್ಲಿಗಿ, ಹರಪನಹಳ್ಳಿಗಳೆಲ್ಲ ಮದರಾಸು ಪ್ರಾಂತಕ್ಕೇ ಸೇರಿದ್ದವು. ಮೈಸೂರು ರಾಜ್ಯವನ್ನು ಕೂಡಿಕೊಂಡದ್ದು 1953ರಲ್ಲಿ. ಹೀಗೆ ಸಾವಿರ ವರ್ಷದ ಬಳಿಕವೂ ಆ ಗ್ರಂಥವೂ ಈ ತಾಲ್ಲೂಕುಗಳೂ ಒಂದೇ ಆಡಳಿತದ ಅಡಿಯಲ್ಲಿದ್ದವು. ಒಂದು ಜೈನ ಮಠದಲ್ಲಿ, ಹುಳು ಹಿಡಿಯುವ ಗರಿಗಳಲ್ಲಿ ಆ ಸರವನ್ನು ಯಾರೋ ಪ್ರತಿಮಾಡುತ್ತ ಬಂದಿರದಿದ್ದರೆ ನಾವು ಇಂದು ಅದನ್ನು ಕಾಣುತ್ತಿರಲಿಲ್ಲ.

ಇನ್ನು ಎರಡನೆಯ ಉತ್ತರ. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಬೆಂಗಳೂರಿನ ಶಕುಂತಲಾದೇವಿಯವರು 7686369774870 ಮತ್ತು 2465099745779 ಎಂಬ ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು ಮನಸ್ಸಿನಲ್ಲಿಯೇ ಗುಣಿಸಿ 28 ಸೆಕೆಂಡುಗಳಲ್ಲಿ ಉತ್ತರ ಹೇಳಿದರು: 18947668177995426462773730. ಇದರಲ್ಲಿ 26 ಅಂಕಿಗಳಿವೆ. ಮಹಾವೀರನ ಮಹಾಕ್ಷೋಭವನ್ನೂ ಎರಡು ಮನೆ ದಾಟಿದ ಸಂಖ್ಯೆ. ಆ ವೇಗ ನಮಗೆ ಯಾರಿಗೂ ಬಾರದು. ಆದರೆ ಆ ಉತ್ತರ ನಂಬಲು ತಕ್ಕದ್ದೇ ಎಂಬುದನ್ನು ಹೈಸ್ಕೂಲು ಹುಡುಗನೂ ಸ್ವಲ್ಪಮಟ್ಟಿಗೆ ಪರೀಕ್ಷಿಸಬಲ್ಲ. ಮೊದಲ ಸಂಖ್ಯೆಯ ಅಂಕಿಗಳನ್ನು ಕೂಡಿಸುತ್ತ ಒಂದಂಕಿಗೆ ಇಳಿಸಿದರೆ 6, ಎರಡನೆಯದು 2. ಇವುಗಳ ಗುಣಲಬ್ಧ 12, ಎಂದರೆ 3. ಉತ್ತರದ ಅಂಕಿಗಳನ್ನು ಕೂಡಿಸಿದರೆ 138, ಅದು 12, ಕೊನೆಗೆ 3. ತಾಳೆ ಬಿತ್ತು. ಈ ತಾಳೆ ಸಾಕಷ್ಟು ತಪ್ಪುಗಳನ್ನು ಹಿಡಿಯುತ್ತದೆ, ಎಲ್ಲವನ್ನೂ ಅಲ್ಲ. ಆದರೂ ಬೆರಗಿನ ಮುಂದೆ ಬರಿಗೈಯಲ್ಲಿ ನಿಲ್ಲುವುದಕ್ಕಿಂತ ಎಷ್ಟೋ ಮೇಲು.

ಬೆರಗಿನ ಮುಂದೆ ಬರಿಗೈಯಲ್ಲಿ ನಿಲ್ಲದಿರುವುದು ಇಂದು ನಮ್ಮ ರೈತನಿಗೂ ಬೇಕಾದ ವಿದ್ಯೆ. ಹಡಗಲಿ, ಹಗರಿಬೊಮ್ಮನಹಳ್ಳಿ ತಾಲ್ಲೂಕುಗಳ ಅಂಚನ್ನು ತುಂಗಭದ್ರಾ ಜಲಾಶಯದ ಹಿನ್ನೀರು ಮುಟ್ಟುತ್ತದೆ. ಮಳೆಗಾಲದಲ್ಲಿ ಇಷ್ಟು ಟಿ.ಎಂ.ಸಿ. ನೀರು ಬಂತು, ಇಷ್ಟು ಬಿಟ್ಟರು ಎಂದು ಪತ್ರಿಕೆಗಳಲ್ಲಿ ದಿನವೂ ಓದುತ್ತೇವೆ. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಜಲಾಶಯ ಸಿದ್ಧವಾದಾಗ ಅದರ ಸಾಮರ್ಥ್ಯ ಸುಮಾರು 133 ಟಿ.ಎಂ.ಸಿ. ಇತ್ತು, ಹೂಳು ತುಂಬಿ ಅದು 2016ರ ಸಮೀಕ್ಷೆಯ ಹೊತ್ತಿಗೆ ಸುಮಾರು 106ಕ್ಕೆ ಇಳಿದಿತ್ತು. ಇಪ್ಪತ್ತೇಳು ಟಿ.ಎಂ.ಸಿ. ಹೋಯಿತು ಎಂದರೆ ಕಿವಿಗೆ ಏಳುಕೋಟಿ ಎಂದಷ್ಟೇ ಕೇಳಿಸುತ್ತದೆ: ದೊಡ್ಡದು, ನಮ್ಮ ಕೈಗೆ ಸಿಕ್ಕದ್ದು. ಅದನ್ನು ಬಿಡಿಸಿ. ಒಂದು ಎಕರೆಯ ಮೇಲೆ ಒಂದು ಅಡಿ ನೀರು ನಿಲ್ಲಿಸಲು 43,560 ಘನ ಅಡಿ ಬೇಕು. 2700 ಕೋಟಿಯನ್ನು ಇದರಿಂದ ಭಾಗಿಸಿದರೆ ಆರು ಲಕ್ಷಕ್ಕೂ ಮಿಕ್ಕ ಎಕರೆ. ಆರು ಲಕ್ಷ ಎಕರೆ ಹೊಲದ ಮೇಲೆ ಒಂದಡಿ ನಿಲ್ಲಬಹುದಾಗಿದ್ದ ನೀರಿನ ಜಾಗವನ್ನು ಹೂಳು ನುಂಗಿದೆ. ಈಗ ಆ ಸಂಖ್ಯೆ ಹೊಲದ ಬದುವಿಗೆ ಬಂದು ನಿಂತಿತು. ಇನ್ನು ಅದನ್ನು ಕುರಿತು ಪ್ರಶ್ನೆ ಕೇಳಬಹುದು.

ಏಳುಕೋಟಿ ಎಂದು ಕೂಗಿದ ಕೊರಳನ್ನು ನಾನು ಕಡಿಮೆ ಮಾಡಲಾರೆ. ಎಣಿಸಲಾಗದುದರ ಮುಂದೆ ತಲೆಬಾಗುವುದೂ ಮನುಷ್ಯನ ಒಂದು ಗುಣವೇ. ಮೂವತ್ತಿರ್ಛಾಸಿರವೆಂದು ಬರೆಸಿದ ಅರಸನೂ ತನ್ನ ನಾಡಿಗೆ ಒಂದು ಘನತೆಯನ್ನು ಬಯಸಿದ. ಆದರೆ ದೇವರಲ್ಲದ, ಅರಸರೂ ಇಲ್ಲದ ಇಂದಿನ ದೊಡ್ಡ ಸಂಖ್ಯೆಗಳಿಗೆ, ಎಂದರೆ ಆಯವ್ಯಯದ ಲಕ್ಷ ಕೋಟಿಗೆ, ಅಣೆಕಟ್ಟಿನ ಟಿ.ಎಂ.ಸಿ.ಗೆ, ಸಾಲದ ಮೊತ್ತಕ್ಕೆ ಅದೇ ಗೌರವವನ್ನು ಸಲ್ಲಿಸಿ ಸುಮ್ಮನಾದರೆ ನಷ್ಟ ನಮ್ಮದೇ. ಅವುಗಳಿಗೆ ಸಲ್ಲುವುದು ಮಹಾವೀರಾಚಾರ್ಯನ ರೀತಿ. ಮನೆಯಲ್ಲಿ ಐದನೆಯ, ಆರನೆಯ ತರಗತಿಯ ಮಕ್ಕಳಿದ್ದರೆ ಇಂದು ಸಂಜೆ ಅವರಿಗೆ ಆ ಲೆಕ್ಕವನ್ನು ಕೊಟ್ಟು ನೋಡಿ: 27994681ನ್ನು 441ರಿಂದ ಗುಣಿಸು. ಉತ್ತರವನ್ನು ಮೊದಲೇ ಹೇಳಬೇಡಿ. ಸರ ಕೈಗೆ ಬಂದಾಗ, ಅದನ್ನು ಬಿಚ್ಚುವುದು ಹೇಗೆಂದು ಅವರೇ ಕೇಳುತ್ತಾರೆ.